ಬಿಲ್ಲಿನ ಜೊತೆ ಪುಟವಿಲ್ಲ: ಸರ್ಕಾರಿ ಡಿಜಿಟಲ್ ಜಾಹೀರಾತು ವೆಚ್ಚದ ಒಂದು ಪರಿಶೀಲನೆ

ಪತ್ರಿಕೆಗೆ ಕೊಟ್ಟ ಸರ್ಕಾರಿ ಜಾಹೀರಾತಿನ ಬಿಲ್ಲಿನ ಜೊತೆ ಅಚ್ಚಾದ ಪುಟವೂ ಕಡತ ಸೇರುತ್ತದೆ. ದರಕ್ಕೆ ಪ್ರಸಾರ ಸಂಖ್ಯೆ ಆಧಾರ. ಆ ಸಂಖ್ಯೆಯನ್ನು ಉಬ್ಬಿಸುವ ಚಾಳಿ ಹಳೆಯದೇ. ಆದರೂ ಲೆಕ್ಕಪರಿಶೋಧಕರ ಕೈಗೆ ಪುಟವಾದರೂ ಸಿಗುತ್ತದೆ. ಡಿಜಿಟಲ್ ಜಾಹೀರಾತು ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ವಿಡಿಯೊಗೆ ಮುನ್ನ ಕಾಣಿಸಿತೆಂಬುದನ್ನು ಬಹುಪಾಲು ವೇದಿಕೆಯ ವರದಿಯಿಂದಲೇ ತಿಳಿಯಬೇಕು. ಸರಕು ಮಾರುವವನೇ ಇಲ್ಲಿ ತಕ್ಕಡಿಯನ್ನೂ ಹಿಡಿದಿರುತ್ತಾನೆ.

1955ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಜಾಹೀರಾತು ಸಂಸ್ಥೆ ಡಿಎವಿಪಿ, 2017ರಲ್ಲಿ ಇತರ ಪ್ರಚಾರ ವಿಭಾಗಗಳೊಂದಿಗೆ ವಿಲೀನಗೊಂಡು, ಈಗ ಕೇಂದ್ರ ಸಂವಹನ ಬ್ಯೂರೋ ಆಗಿದೆ. 2023ರ ನವೆಂಬರಿನಲ್ಲಿ ಪ್ರಕಟವಾದ ಡಿಜಿಟಲ್ ಜಾಹೀರಾತು ನೀತಿ ಒಟಿಟಿ, ಪಾಡ್‌ಕಾಸ್ಟ್, ಮೊಬೈಲ್ ಆ್ಯಪ್‌ಗಳಿಗೂ ಬ್ಯೂರೋದ ಬಾಗಿಲು ತೆರೆಯಿತು. ದರವನ್ನು ಸ್ಪರ್ಧಾತ್ಮಕ ಬಿಡ್ ಮೂಲಕ ಗೊತ್ತುಮಾಡಿ ಮೂರು ವರ್ಷ ಊರ್ಜಿತವಾಗಿಡುವ ಕ್ರಮ ತಂದಿತು. 2024ರಲ್ಲಿ ಕರ್ನಾಟಕವೂ ತನ್ನ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷದ ಉತ್ತರ ಪ್ರದೇಶದ ನೀತಿ ಸರ್ಕಾರದ ಯೋಜನೆಗಳನ್ನು ಪ್ರಚಾರ ಮಾಡುವ ಯೂಟ್ಯೂಬರ್‌ಗಳಿಗೆ ತಿಂಗಳಿಗೆ ಗರಿಷ್ಠ 8 ಲಕ್ಷ ರೂಪಾಯಿವರೆಗೆ ಕೊಡಲು ಒಪ್ಪಿತು. ಜಾಹೀರಾತು ಪಡೆಯುವವರ ಪಟ್ಟಿಗೆ ಯಾರು ಸೇರಬೇಕು, ಅವರಿಗೆ ಎಷ್ಟು ಕೊಡಬೇಕು ಎಂಬುದರ ಬಗ್ಗೆ ಇರುವ ಎಚ್ಚರ, ಹಣ ತೆತ್ತ ಮೇಲೆ ಜಾಹೀರಾತು ಎಲ್ಲಿಗೆ ಹೋಯಿತೆಂದು ಜನರಿಗೆ ತಿಳಿಸುವುದರಲ್ಲಿ ಇಲ್ಲವೆಂಬುದು ನನ್ನ ತಕರಾರು.

ಮೊದಲನೆಯದು ಸಮಯದ ತೊಡಕು. 2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ಕೇಂದ್ರ ಸರ್ಕಾರದ ‘ವಿಕಸಿತ ಭಾರತ’ ಸಂದೇಶಗಳು ಆಮೇಲೂ ಜನರ ವಾಟ್ಸ್‌ಆ್ಯಪ್‌ಗೆ ಬರುತ್ತಲೇ ಇದ್ದವು. ಅವನ್ನು ತಕ್ಷಣ ನಿಲ್ಲಿಸುವಂತೆ 21ರಂದು ಚುನಾವಣಾ ಆಯೋಗ ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಸೂಚಿಸಿತು. ಕಳಿಸಿದ್ದು ಘೋಷಣೆಗೆ ಮೊದಲೇ, ನೆಟ್‌ವರ್ಕ್ ಮಿತಿಯಿಂದ ಕೆಲವು ತಡವಾಗಿ ತಲುಪಿರಬಹುದು ಎಂಬುದು ಸಚಿವಾಲಯದ ವಿವರಣೆ. ಇವನ್ನು ಜಾಹೀರಾತೆನ್ನಬೇಕೇ ಎಂಬ ಚರ್ಚೆ ಬೇರೆ. ಕಳಿಸಿದ ದಿನ, ತಲುಪಿದ ದಿನ ಬೇರೆಬೇರೆಯಾದರೆ ಸಂಹಿತೆ ಯಾವುದಕ್ಕೆ ಅನ್ವಯಿಸಬೇಕು? ಪತ್ರಿಕೆಯ ಕಾಲದಲ್ಲಿ ಈ ಪ್ರಶ್ನೆಗೆ ಆಸ್ಪದವೇ ಇರಲಿಲ್ಲ.

ಸ್ಥಳದ ತೊಡಕೂ ಇದೆ. 2017ರ ಮಾರ್ಚಿನಲ್ಲಿ ಬ್ರಿಟನ್ ಸರ್ಕಾರ ತನ್ನ ಜಾಹೀರಾತುಗಳು ಉಗ್ರವಾದಿ ವಿಡಿಯೊಗಳ ಜೊತೆ ಕಾಣಿಸಿದ್ದಕ್ಕೆ ಯೂಟ್ಯೂಬ್ ಪ್ರಚಾರವನ್ನೇ ತಡೆಹಿಡಿಯಿತು. ಅದನ್ನು ಬಯಲಿಗೆ ತಂದದ್ದು ಪತ್ರಿಕೆ.

ನಮ್ಮಲ್ಲಿ ಸರ್ಕಾರದ ಡಿಜಿಟಲ್ ವೆಚ್ಚದ ಒಂದು ಭಾಗ ಕಾಣಸಿಗುವುದು ಗೂಗಲ್‌ನ ರಾಜಕೀಯ ಜಾಹೀರಾತು ದಾಖಲೆಯಲ್ಲಿ. ಪಕ್ಷ, ಅಭ್ಯರ್ಥಿ ಅಥವಾ ಹಾಲಿ ಜನಪ್ರತಿನಿಧಿ ಇರುವ ಜಾಹೀರಾತುಗಳಷ್ಟೇ ಅದರೊಳಗೆ ಬರುತ್ತವೆ. ಸರ್ಕಾರಿ ಜಾಹೀರಾತಿನಲ್ಲಿ ನಾಯಕರ ಚಿತ್ರಗಳಿಗೆ ಸುಪ್ರೀಂ ಕೋರ್ಟ್ 2015ರಲ್ಲಿ ಮಿತಿ ಹಾಕಿ, 2016ರಲ್ಲಿ ಮುಖ್ಯಮಂತ್ರಿ, ಸಚಿವರ ಚಿತ್ರಗಳಿಗೂ ಅವಕಾಶ ಕೊಟ್ಟಿತು. ಈಗ ಜಾಹೀರಾತನ್ನು ದಾಖಲೆಗೆ ಎಳೆದು ತರುವುದು ಆ ಮುಖವೇ! ನಾಯಕರಿಲ್ಲದ ಲಸಿಕೆ ಜಾಹೀರಾತಿನ ಖರ್ಚು ಅಲ್ಲಿ ಸಿಗದು. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಸೆಕ್ಷನ್ ಪ್ರಕಾರ ಇಲಾಖೆಗಳು ಬಜೆಟ್, ವೆಚ್ಚದ ವಿವರಗಳನ್ನು ತಾವಾಗಿಯೇ ಪ್ರಕಟಿಸಬೇಕು. ವೇದಿಕೆ, ದರ, ತೋರಿಸಿದ ಅವಧಿ, ಆಯ್ದುಕೊಂಡ ಜಿಲ್ಲೆ ಮತ್ತು ವಯೋಮಾನ ಇಷ್ಟನ್ನು ಪ್ರತಿ ಬಿಲ್ಲಿನ ಜೊತೆ ಸೇರಿಸಿ ಪ್ರಕಟಿಸಲು ಹೊಸ ಕಾನೂನು ಬೇಕಿಲ್ಲ. ವಾರ್ತಾ ಇಲಾಖೆಯ ಒಂದು ಸುತ್ತೋಲೆ ಸಾಕು.