ಮೂರು ವರ್ಷಗಳ ಆಟಗಾರರು: ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಸಂಘಗಳ ಬೆಳವಣಿಗೆ

ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಎಂಬುದು ಒಂದೇ ಆಟದ ಹೆಸರಾಗಿರಲಿಲ್ಲ. ಸಿರಿವಂತರ ಮಕ್ಕಳು ಓದುತ್ತಿದ್ದರೂ ‘ಪಬ್ಲಿಕ್ ಸ್ಕೂಲ್’ ಎಂದೇ ಕರೆಸಿಕೊಳ್ಳುತ್ತಿದ್ದ ಈಟನ್, ಹ್ಯಾರೋ, ರಗ್ಬಿ, ಶ್ರೂಸ್‌ಬರಿ ಮೊದಲಾದ ಹಳೆಯ ವಸತಿಶಾಲೆಗಳಲ್ಲಿ ಒಂದೊಂದೂ ತನ್ನದೇ ಪದ್ಧತಿಯನ್ನು ಇಟ್ಟುಕೊಂಡಿತ್ತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು ರಗ್ಬಿಯಲ್ಲಿ ಆಟದ ಜೀವವಾಗಿದ್ದರೆ ಈಟನ್‌ನವರಿಗೆ ಅದು ಸಹಿಸಲಾಗದ ಅಪಚಾರವಾಗಿತ್ತು. ಈ ಶಾಲೆಗಳ ಹುಡುಗರು ಮೊದಲ ಬಾರಿಗೆ ಒಂದೇ ಮೈದಾನದಲ್ಲಿ ಕಲೆತದ್ದು ವಿಶ್ವವಿದ್ಯಾಲಯಕ್ಕೆ ಬಂದಾಗ, ಅದೂ ಸುಮಾರು ಮೂರು ವರ್ಷಗಳ ಮಟ್ಟಿಗೆ. ವಿಶ್ವವಿದ್ಯಾಲಯದ ಫುಟ್‌ಬಾಲ್ ಸಂಘಗಳು ಆಟಕ್ಕೆ ಕೊಟ್ಟ ದೊಡ್ಡ ಕೊಡುಗೆಗೂ ಅವು ಬೇಗನೆ ಹಿನ್ನೆಲೆಗೆ ಸರಿದುದಕ್ಕೂ ಕಾರಣವನ್ನು ಈ ಬಂದು ಹೋಗುವ ವಿದ್ಯಾರ್ಥಿ ಸಮುದಾಯದಲ್ಲಿಯೇ ಹುಡುಕಬೇಕಾಗುತ್ತದೆ.

ಕೇಂಬ್ರಿಜ್‌ನಲ್ಲಿ ಸಾಮಾನ್ಯ ನಿಯಮಾವಳಿಯ ಪ್ರಯತ್ನ 1846ರಷ್ಟು ಹಿಂದೆಯೇ, ಎಚ್. ಡಿ ವಿಂಟನ್ ಮತ್ತು ಜೆ. ಸಿ. ಥ್ರಿಂಗ್ ಅವರಿಂದ ಆರಂಭವಾಯಿತು. 1848ರಲ್ಲಿ ಟ್ರಿನಿಟಿ ಕಾಲೇಜಿನ ಎಚ್. ಸಿ. ಮಾಲ್ಡನ್ ಅವರ ಕೋಣೆಯಲ್ಲಿ ಬೇರೆಬೇರೆ ಶಾಲೆಗಳಿಂದ ಬಂದವರು ಸೇರಿ ನಡುರಾತ್ರಿಯ ಹೊತ್ತಿನವರೆಗೆ ಚರ್ಚಿಸಿ ಒಂದು ನಿಯಮಾವಳಿಯನ್ನು ರೂಪಿಸಿದರೆಂಬುದು ಮಾಲ್ಡನ್ ಅವರೇ 1897ರಲ್ಲಿ ಬರೆದ ಪತ್ರದಿಂದ ತಿಳಿದುಬರುತ್ತದೆ. ಆ ಮೂಲ ಪ್ರತಿ ಉಳಿದಿಲ್ಲವಾದ್ದರಿಂದ, ಶ್ರೂಸ್‌ಬರಿ ಶಾಲೆಯಲ್ಲಿ ಉಳಿದುಬಂದಿರುವ 1856ರ ಪ್ರತಿಯೇ ಅಧ್ಯಯನಕ್ಕೆ ದೊರೆಯುವ ಆಧಾರವಾಗಿದೆ. ಇದರ ಪ್ರಕಾರ ಚೆಂಡು ಎರಡು ಕಂಬಗಳ ನಡುವೆ, ಅವುಗಳಿಗೆ ಕಟ್ಟಿದ ದಾರದ ಕೆಳಗೆ ಹಾಯ್ದರೆ ಗೋಲು; ಕೈಯನ್ನು ಚೆಂಡನ್ನು ತಡೆಯುವುದಕ್ಕೆ ಮಾತ್ರ ಬಳಸಬಹುದು; ಎದುರಾಳಿಯನ್ನು ಹಿಡಿಯುವುದು, ಕೈಯಿಂದ ತಳ್ಳುವುದು, ಕಾಲು ಕೊಟ್ಟು ಬೀಳಿಸುವುದು ನಿಷಿದ್ಧ. ಚೆಂಡು ತನ್ನ ಹಿಂದಿನಿಂದ ಬಂದಾಗ ಆಟಗಾರನ ಮತ್ತು ಎದುರಾಳಿಯ ಗೋಲಿನ ನಡುವೆ ಮೂವರಿಗಿಂತ ಹೆಚ್ಚು ಎದುರಾಳಿಗಳು ಇಲ್ಲದಿದ್ದರೆ ಅವನು ಅದನ್ನು ಮುಟ್ಟುವಂತಿಲ್ಲವೆಂಬ ನಿಬಂಧನೆಯೂ ಅದರಲ್ಲಿದ್ದು, ಇಂದಿನ ‘ಆಫ್‌ಸೈಡ್’ ನಿಯಮದ ಬೀಜ ಅಲ್ಲಿಯೇ ಕಾಣಸಿಗುತ್ತದೆ.

ಈ ಬರಹಗಳು ಕಾಲೇಜಿನ ಗೋಡೆಗಳೊಳಗೆ ಉಳಿಯದಂತೆ ಮಾಡಿದ್ದು 1863ರ ಘಟನೆಗಳು. ಆ ವರ್ಷದ ಅಕ್ಟೋಬರ್ 26ರಂದು ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ ನಿಯಮಗಳ ಕರಡು ಸಿದ್ಧವಾಗುತ್ತಿದ್ದಾಗ, ಆರು ಶಾಲೆಗಳ ಹಳೆಯ ವಿದ್ಯಾರ್ಥಿಗಳಿದ್ದ ಕೇಂಬ್ರಿಜ್ ಸಮಿತಿಯೊಂದು ತನ್ನ ಪರಿಷ್ಕೃತ ನಿಯಮಾವಳಿಯನ್ನು ಪ್ರಕಟಿಸಿತು. ಅಸೋಸಿಯೇಷನ್ನಿನ ಕರಡಿನಲ್ಲಿ ಚೆಂಡನ್ನು ಹಿಡಿದು ಓಡುವುದಕ್ಕೂ ‘ಹ್ಯಾಕಿಂಗ್’ ಎಂಬ, ಎದುರಾಳಿಯ ಮೊಳಕಾಲ ಕೆಳಗೆ ಒದೆಯುವ ಪದ್ಧತಿಗೂ ಅವಕಾಶವಿತ್ತು. ಕೇಂಬ್ರಿಜ್ ನಿಯಮಗಳನ್ನು ಮುಂದಿಟ್ಟುಕೊಂಡು ಅಸೋಸಿಯೇಷನ್ನಿನ ಕಾರ್ಯದರ್ಶಿ ಎಬೆನೆಜರ್ ಮಾರ್ಲಿ ಮತ್ತಿತರರು ಅವೆರಡನ್ನೂ ತೆಗೆಸಿಹಾಕಿದರು. ಅದನ್ನು ಒಪ್ಪದ ಬ್ಲ್ಯಾಕ್‌ಹೀತ್ ಸಂಘ ಹೊರನಡೆಯಿತು. ರಗ್ಬಿ ಫುಟ್‌ಬಾಲ್ ಯೂನಿಯನ್ 1871ರಲ್ಲಿ ಪ್ರತ್ಯೇಕವಾಗಿ ರೂಪುಗೊಂಡು ಎರಡು ಆಟಗಳು ಶಾಶ್ವತವಾಗಿ ಬೇರೆಯಾದುದಕ್ಕೆ ಈ ಬಿರುಕೇ ನಾಂದಿ. ಕಪ್ಪುಗಳ ಸಂಖ್ಯೆಯಿಂದಲೇ ಸಂಘಗಳ ಹಿರಿಮೆಯನ್ನು ಅಳೆಯುವ ರೂಢಿಯಲ್ಲಿ ಕೇಂಬ್ರಿಜ್‌ಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದೇ ಹೇಳಬೇಕು. ವಿದ್ಯಾರ್ಥಿಗಳು ಆಡುತ್ತಿದ್ದ ಪಾರ್ಕರ್ಸ್ ಪೀಸ್ ಮೈದಾನದಲ್ಲಿ ಆ ನಿಯಮಗಳನ್ನು ಕೆತ್ತಿದ ಶಿಲಾ ಸ್ಮಾರಕವೊಂದು ಅನಾವರಣಗೊಂಡದ್ದು 2018ರಷ್ಟು ತಡವಾಗಿ.

ನಿಯಮ ರಚನೆಯಲ್ಲಿ ಕೇಂಬ್ರಿಜ್ ಮುಂದಿದ್ದರೆ ಮೈದಾನದ ಸಾಧನೆಯಲ್ಲಿ ಆಕ್ಸ್‌ಫರ್ಡ್‌ನ ಹೆಸರು ಮೊದಲು ಬರುತ್ತದೆ. 1872ರ ನವೆಂಬರ್ 30ರಂದು ಗ್ಲಾಸ್ಗೋ ಬಳಿಯ ಹ್ಯಾಮಿಲ್ಟನ್ ಕ್ರೆಸೆಂಟ್‌ನಲ್ಲಿ ಸ್ಕಾಟ್ಲೆಂಡಿನ ವಿರುದ್ಧ ಗೋಲಿಲ್ಲದೆ ಮುಗಿದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಇಂಗ್ಲೆಂಡಿನ ನಾಯಕನಾಗಿದ್ದವನು ಆಕ್ಸ್‌ಫರ್ಡ್ ವಿದ್ಯಾರ್ಥಿ ಕತ್ಬರ್ಟ್ ಒಟ್ಟಾವೇ. ಅದರ ಹಿಂದಿನ ಋತುವಿನಲ್ಲಷ್ಟೇ ಆರಂಭವಾಗಿದ್ದ ಎಫ್‌ಎ ಕಪ್‌ನ, ಅಂದರೆ ಅಸೋಸಿಯೇಷನ್ನಿನ ಸದಸ್ಯ ಸಂಘಗಳು ಸೋತರೆ ಹೊರಬೀಳುವ ಕ್ರಮದಲ್ಲಿ ಸೆಣಸುತ್ತಿದ್ದ ಪಂದ್ಯಾವಳಿಯ, 1873ರ ಅಂತಿಮ ಪಂದ್ಯವನ್ನು ಆಕ್ಸ್‌ಫರ್ಡ್ ತಲುಪಿತಾದರೂ ವಾಂಡರರ್ಸ್ ತಂಡಕ್ಕೆ 2–0ರಿಂದ ಸೋತಿತು. ಅಂದು ಅದೇ ಎರಡು ವಿಶ್ವವಿದ್ಯಾಲಯಗಳ ದೋಣಿ ಸ್ಪರ್ಧೆಯೂ ಇದ್ದುದರಿಂದ ಪಂದ್ಯವನ್ನು ಬೆಳಗ್ಗೆಯೇ ಆಡಿಸಲಾಯಿತು ಎಂಬುದರಿಂದ, ಆ ದಿನಗಳಲ್ಲಿ ಫುಟ್‌ಬಾಲಿಗಿದ್ದ ಸ್ಥಾನ ಎಷ್ಟೆಂಬುದು ಸ್ಪಷ್ಟವಾಗುತ್ತದೆ. ಮರುವರ್ಷ ವಾಂಡರರ್ಸ್ ತಂಡವನ್ನೇ ನಡುವಿನ ಸುತ್ತಿನಲ್ಲಿ ಹೊರಹಾಕಿದ ಆಕ್ಸ್‌ಫರ್ಡ್, 1874ರ ಮಾರ್ಚ್ 14ರಂದು ಕೆನಿಂಗ್ಟನ್ ಓವಲ್‌ನಲ್ಲಿ ಸೇನೆಯ ರಾಯಲ್ ಎಂಜಿನಿಯರ್ಸ್ ತಂಡವನ್ನು ಮ್ಯಾಕರ್‌ನೆಸ್ ಮತ್ತು ಪ್ಯಾಟನ್ ಹೊಡೆದ ಗೋಲುಗಳಿಂದ 2–0 ಅಂತರದಲ್ಲಿ ಮಣಿಸಿ ಕಪ್ ಗೆದ್ದಿತು. ಎಂಜಿನಿಯರ್ಸ್ ಆಟಗಾರರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ‘ಕಾಂಬಿನೇಷನ್’ ಆಟಕ್ಕೆ ಹೆಸರಾಗಿದ್ದರೆ, ಚೆಂಡನ್ನು ಕಾಲಿನ ಅಂಕೆಯಲ್ಲಿಟ್ಟುಕೊಂಡು ಒಬ್ಬನೇ ಮುನ್ನುಗ್ಗುವ ‘ಡ್ರಿಬ್ಲಿಂಗ್’ ಆಕ್ಸ್‌ಫರ್ಡ್‌ನ ಬಲವಾಗಿತ್ತು. ಆ ವಿದ್ಯೆಯಲ್ಲಿ ಆ ಕಾಲದ ಅಗ್ರಗಣ್ಯನೆನಿಸಿದ್ದ ರಾಬರ್ಟ್ ವೈಡಲ್ ಗೆದ್ದ ತಂಡದಲ್ಲಿದ್ದನು. ಅದೇ ತಿಂಗಳ 30ರಂದು ಓವಲ್‌ನಲ್ಲಿಯೇ ಎರಡು ವಿಶ್ವವಿದ್ಯಾಲಯಗಳ ನಡುವಣ ಮೊದಲ ‘ವಾರ್ಸಿಟಿ’ ಪಂದ್ಯ ನಡೆದು ಆಕ್ಸ್‌ಫರ್ಡ್ 1–0ರಿಂದ ಗೆದ್ದಿತು.

ಆಕ್ಸ್‌ಫರ್ಡ್ ಮತ್ತೆರಡು ಬಾರಿ ಅಂತಿಮ ಘಟ್ಟ ತಲುಪಿತು. 1877ರಲ್ಲಿ ವಾಂಡರರ್ಸ್‌ನ ಗೋಲ್‌ಕೀಪರ್ ಆಗಿ ನಿಂತಿದ್ದ ಆರ್ಥರ್ ಕಿನ್ನೇರ್ಡ್ ಚೆಂಡನ್ನು ಹಿಡಿದು ಗೋಲುಗೆರೆಯ ಹಿಂದಕ್ಕೆ ಕಾಲಿಟ್ಟದ್ದರಿಂದ ಆಕ್ಸ್‌ಫರ್ಡ್‌ಗೆ ಗೋಲು ಸಿಕ್ಕರೂ ಹೆಚ್ಚುವರಿ ಸಮಯದಲ್ಲಿ ಅದು 2–1ರಿಂದ ಸೋತಿತು. ಆ ಗೋಲನ್ನು ಮುಂದೆ ಅಧಿಕೃತ ದಾಖಲೆಯಿಂದ ತೆಗೆದುಹಾಕಲಾಗಿ, ಸುಮಾರು ಒಂದು ಶತಮಾನದ ಬಳಿಕವಷ್ಟೇ ಮರಳಿ ಸೇರಿಸಲಾಯಿತು. 1880ರಲ್ಲಿ ಕ್ಲಾಪಮ್ ರೋವರ್ಸ್ ವಿರುದ್ಧ ಒಂದೇ ಗೋಲಿನಿಂದ ಸೋತದ್ದು ಅಂತಿಮ ಪಂದ್ಯದಲ್ಲಿ ಆಕ್ಸ್‌ಫರ್ಡ್‌ನ ಕೊನೆಯ ಹೆಜ್ಜೆ. ಮೂರು ವರ್ಷಗಳ ನಂತರ, ಲ್ಯಾಂಕಶರ್‌ನ ಕಾರ್ಮಿಕರಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ ಈಟನ್‌ನ ಹಳೆಯ ವಿದ್ಯಾರ್ಥಿಗಳನ್ನು ಸೋಲಿಸಿ ಕಪ್ಪನ್ನು ಉತ್ತರಕ್ಕೆ ಕೊಂಡೊಯ್ದಿತು. 1885ರಲ್ಲಿ ಆಟಗಾರರಿಗೆ ಸಂಬಳ ಕೊಡುವುದು ನಿಯಮಬದ್ಧವಾಗಿ, 1888ರಲ್ಲಿ ಫುಟ್‌ಬಾಲ್ ಲೀಗ್ ಆರಂಭವಾದ ಮೇಲೆ, ವರ್ಷವರ್ಷವೂ ತನ್ನ ಒಳ್ಳೆಯ ಆಟಗಾರರನ್ನು ಪದವಿ ಕೊಟ್ಟು ಕಳುಹಿಸಲೇಬೇಕಾದ ಸಂಘವೊಂದು, ಒಂದೇ ತಂಡವನ್ನು ಹಲವು ಋತುಗಳ ಕಾಲ ಕೂಡಿಸಿ ಪಳಗಿಸುವ ವೃತ್ತಿಪರ ಸಂಘಗಳಿಗೆ ಸಮನಾಗಿ ನಿಲ್ಲುವ ಸಾಧ್ಯತೆಯೇ ಇರಲಿಲ್ಲ.

ಆದರೆ ಸಂಘಗಳು ಹಿಂದೆ ಸರಿದಾಗಲೂ ಅವು ತಯಾರಿಸಿದ ಆಟಗಾರರು ಹಿಂದೆ ಸರಿಯಲಿಲ್ಲ. ಇಬ್ಬರು ಹಿಂಬದಿಯವರು, ಮೂವರು ನಡುವಿನವರು, ಐವರು ಮುಂಬದಿಯವರು ಇರುವ ‘ಪಿರಮಿಡ್’ ವಿನ್ಯಾಸವನ್ನು ಮೊದಲು ರೂಪಿಸಿದವರು ಯಾರೆಂಬ ಬಗ್ಗೆ ವಿವಾದವಿದ್ದರೂ, ಅದನ್ನು ಬಳಕೆಗೆ ತಂದ ತಂಡಗಳ ಸಾಲಿನಲ್ಲಿ ಕೇಂಬ್ರಿಜ್‌ನ ಹೆಸರು ಬರುತ್ತದೆ. 1882ರಲ್ಲಿ ಸ್ಥಾಪನೆಯಾದ, ಹಣಕ್ಕಾಗಿ ಆಡದ ಹವ್ಯಾಸಿಗಳ ಕೊರಿಂಥಿಯನ್ ಸಂಘ ಬಹುಮಟ್ಟಿಗೆ ಈ ಎರಡು ವಿಶ್ವವಿದ್ಯಾಲಯಗಳವರಿಂದಲೇ ತುಂಬಿತ್ತು. ಇಂಗ್ಲೆಂಡಿನ ನಾಯಕನಾದ ಜಿ. ಒ. ಸ್ಮಿತ್, 1908ರ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಪರ ಗೋಲು ಹೊಡೆದು ಅದೇ ವರ್ಷ ಒಲಿಂಪಿಕ್ ಚಿನ್ನವನ್ನೂ ಗೆದ್ದ ಕೆನೆತ್ ಹಂಟ್ ಇಬ್ಬರೂ ಆಕ್ಸ್‌ಫರ್ಡ್‌ನವರು. ಮ್ಯಾಂಚೆಸ್ಟರ್ ಸಿಟಿಯ ನಾಯಕನಾಗಿ, 1921ರಲ್ಲಿ ವಿಂಬಲ್ಡನ್ ಡಬಲ್ಸ್ ಪ್ರಶಸ್ತಿಯನ್ನೂ ಪಡೆದ ಮ್ಯಾಕ್ಸ್ ವೂಸ್ನಮ್ ಕೇಂಬ್ರಿಜ್‌ನವನು.

ಎರಡೂ ಸಂಘಗಳ ಶಕ್ತಿಯನ್ನು ಒಂದುಗೂಡಿಸುವ ಸಾಹಸ ಎರಡನೆಯ ಮಹಾಯುದ್ಧದ ನಂತರ ನಡೆಯಿತು. ಆಕ್ಸ್‌ಫರ್ಡ್‌ನ ರಸಾಯನವಿಜ್ಞಾನಿ ಹೆರಾಲ್ಡ್ ಥಾಂಪ್ಸನ್ 1948ರಲ್ಲಿ ಪೆಗಾಸಸ್ ಎಂಬ ಜಂಟಿ ತಂಡವನ್ನು ಕಟ್ಟಿದರು. ಟಾಟನ್‌ಹ್ಯಾಮ್‌ನ ಆಟಗಾರ ವಿಕ್ ಬಕಿಂಗ್‌ಹ್ಯಾಮ್ ಅವರ ತರಬೇತಿಯಲ್ಲಿ, ಚೆಂಡನ್ನು ತಟ್ಟಿ ಒಡನೆಯೇ ಖಾಲಿ ಜಾಗಕ್ಕೆ ಓಡುವ ‘ಪುಶ್ ಅಂಡ್ ರನ್’ ಆಟವನ್ನು ರೂಢಿಸಿಕೊಂಡ ಈ ತಂಡ 1951ರಲ್ಲಿ ವೆಂಬ್ಲಿಯಲ್ಲಿ ಒಂದು ಲಕ್ಷ ಪ್ರೇಕ್ಷಕರ ಮುಂದೆ ಬಿಷಪ್ ಆಕ್ಲೆಂಡ್ ತಂಡವನ್ನು 2–1ರಿಂದ ಸೋಲಿಸಿ ಹವ್ಯಾಸಿಗಳ ಎಫ್‌ಎ ಅಮೆಚ್ಯೂರ್ ಕಪ್ಪನ್ನು ಗೆದ್ದಿತು. 1953ರಲ್ಲಿ ಹಾರಿಚ್ ಅಂಡ್ ಪಾರ್ಕಸ್ಟನ್ ವಿರುದ್ಧ 6–0ರ ಜಯ ಸಾಧಿಸಿತು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಚೆಲುವಾದ ಆಟವನ್ನು ಕಟ್ಟಿದ ವಿದ್ಯಾರ್ಥಿ ತಂಡ ಇನ್ನೊಂದಿಲ್ಲ. ಆದರೂ ಪದವಿ ಮುಗಿಸಿದವರನ್ನು ಎಷ್ಟು ಕಾಲ ತಂಡದಲ್ಲಿ ಇರಿಸಿಕೊಳ್ಳಬಹುದೆಂಬ ಪ್ರಶ್ನೆ ಆರಂಭದಿಂದಲೇ ಕಲಹಕ್ಕೆ ಕಾರಣವಾಗಿತ್ತು. ಸ್ವಂತ ಮೈದಾನವಿಲ್ಲದೆ, ಆಟಗಾರರು ಮೊದಲು ತಮ್ಮ ತಮ್ಮ ವಿಶ್ವವಿದ್ಯಾಲಯಕ್ಕೆ ಆಡಿ ಬಳಿಕವಷ್ಟೇ ಕೂಡುತ್ತಿದ್ದ ಪೆಗಾಸಸ್ 1963ರಲ್ಲಿ ಮುಚ್ಚಿಹೋಯಿತು. ಬಕಿಂಗ್‌ಹ್ಯಾಮ್ ಮುಂದೆ ಆಮ್‌ಸ್ಟರ್‌ಡ್ಯಾಮ್‌ನ ಆಯಾಕ್ಸ್ ತಂಡದ ತರಬೇತುದಾರರಾಗಿ, 1964ರಲ್ಲಿ ಹದಿನೇಳರ ಹರೆಯದ ಯೊಹಾನ್ ಕ್ರೈಫ್‌ನನ್ನು ಮೊದಲ ಬಾರಿಗೆ ಕಣಕ್ಕಿಳಿಸಿದರು.