ಸಿಂಗಪುರದಲ್ಲಿ ಸಂಸಾರ: ಸಂಬಳವೆಷ್ಟು, ಉಳಿಯುವುದೆಷ್ಟು?

ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 137 ಕಿ.ಮೀ. ದೂರದಲ್ಲಿರುವ ದ್ವೀಪರಾಷ್ಟ್ರ ಸಿಂಗಪುರ. ಅದರ ವಿಸ್ತೀರ್ಣ ಸುಮಾರು 735 ಚದರ ಕಿ.ಮೀ., ಅಂದರೆ ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟೇ. 2024ರ ಜೂನ್ ವೇಳೆಗೆ ಅಲ್ಲಿನ ಜನಸಂಖ್ಯೆ 60.4 ಲಕ್ಷ. ಇವರಲ್ಲಿ 18.6 ಲಕ್ಷ ಮಂದಿ ಪೌರತ್ವವಾಗಲಿ ಕಾಯಂ ನಿವಾಸದ ಹಕ್ಕಾಗಲಿ ಇಲ್ಲದ ಹೊರದೇಶದವರು. ಉದ್ಯೋಗ ನಿಮಿತ್ತ ಅಲ್ಲಿಗೆ ತೆರಳುವ ಕನ್ನಡಿಗರೂ ಈ ಗುಂಪಿಗೆ ಸೇರುತ್ತಾರೆ.

ಬೆಂಗಳೂರಿನಿಂದ ನಾಲ್ಕೂವರೆ ತಾಸಿನ ವಿಮಾನಯಾನ, ಶುಚಿಯಾದ ಬೀದಿಗಳು, ಅಪರಾತ್ರಿಯಲ್ಲೂ ಮಹಿಳೆಯರು ನಿರ್ಭಯವಾಗಿ ಓಡಾಡಬಹುದಾದ ವಾತಾವರಣ, ಜೊತೆಗೆ ಡಾಲರಿನ ಸಂಬಳ. ಆಕರ್ಷಣೆ ಸಹಜ. ಸಿಂಗಪುರ ಡಾಲರಿನ ಬೆಲೆ ಸುಮಾರು 70 ರೂಪಾಯಿ ಎಂದು ಹಿಡಿದರೆ 7,000 ಡಾಲರು ಸಂಬಳ 4 ಲಕ್ಷ 90 ಸಾವಿರ ರೂಪಾಯಿಗೆ ಸಮ. ಆದರೆ ಸಂಪಾದನೆಯಂತೆ ಖರ್ಚು ಕೂಡ ಡಾಲರಿನಲ್ಲೇ ಆಗುತ್ತದೆ. ದೂರದ ಬೆಟ್ಟ ನುಣ್ಣಗೆ ಕಾಣುವುದು ಇಂತಹ ಗುಣಾಕಾರದಿಂದಲೇ. ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ. ಲೇಖನದಲ್ಲಿ ಡಾಲರು ಎಂದರೆ ಸಿಂಗಪುರ ಡಾಲರು.

ಪಾಸ್ ಇದ್ದರೆ ವಾಸ

ವೃತ್ತಿಪರ ಉದ್ಯೋಗಿಗಳಿಗೆ ಅಲ್ಲಿನ ಮಾನವಶಕ್ತಿ ಸಚಿವಾಲಯ ನೀಡುವ ಪರವಾನಗಿಯೇ ಎಂಪ್ಲಾಯ್‌ಮೆಂಟ್ ಪಾಸ್. ಹೊಸ ಅರ್ಜಿದಾರರಿಗೆ ಇರಬೇಕಾದ ಕನಿಷ್ಠ ಮಾಸಿಕ ಸಂಬಳವನ್ನು 2025ರ ಜನವರಿಯಿಂದ 5,600 ಡಾಲರಿಗೆ, ಹಣಕಾಸು ಸೇವಾ ಕ್ಷೇತ್ರದಲ್ಲಿ 6,200 ಡಾಲರಿಗೆ ಏರಿಸಲಾಯಿತು. ಅರ್ಜಿದಾರರ ವಯಸ್ಸು ಹೆಚ್ಚಿದಂತೆ ಈ ಮಿತಿಯೂ ಏರುತ್ತದೆ. ಇದರ ಜೊತೆಗೆ 2023ರ ಸೆಪ್ಟೆಂಬರ್‌ನಿಂದ ವಿದ್ಯಾರ್ಹತೆ, ಸಂಬಳ, ಸಂಸ್ಥೆಯಲ್ಲಿರುವ ಸಿಬ್ಬಂದಿಯ ವೈವಿಧ್ಯ ಮುಂತಾದವನ್ನು ಅಳೆಯುವ ‘ಕಂಪಾಸ್’ ಎಂಬ ಅಂಕ ಪದ್ಧತಿ ಜಾರಿಗೆ ಬಂದಿದೆ. ಇದರಲ್ಲಿ ಕನಿಷ್ಠ 40 ಅಂಕ ಪಡೆಯುವುದು ಅಗತ್ಯ. ಮೊದಲ ಪಾಸ್ ಗರಿಷ್ಠ ಎರಡು ವರ್ಷದ ಅವಧಿಯದು.

ಪತ್ನಿ ಅಥವಾ ಪತಿಯನ್ನು ಹಾಗೂ 21 ವರ್ಷದೊಳಗಿನ ಅವಿವಾಹಿತ ಮಕ್ಕಳನ್ನು ಡಿಪೆಂಡೆಂಟ್ಸ್ ಪಾಸ್ ಮೇಲೆ ಕರೆದೊಯ್ಯಲು ಮಾಸಿಕ ಸಂಬಳ ಕನಿಷ್ಠ 6,000 ಡಾಲರು ಇರಬೇಕು. ತಂದೆತಾಯಿಯನ್ನು ದೀರ್ಘಕಾಲ ಜೊತೆಗಿರಿಸಿಕೊಳ್ಳಲು ಬೇಕಾದ ಸಂಬಳ 12,000 ಡಾಲರು. ಈ ಮಟ್ಟ ತಲುಪದವರ ಹೆತ್ತವರು ಸಂದರ್ಶಕ ವೀಸಾ ಪಡೆದು ಅಲ್ಪಾವಧಿಗೆ ಬಂದುಹೋಗಬಹುದಷ್ಟೆ. ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವವರು ಇದನ್ನು ಮೊದಲೇ ಯೋಚಿಸುವುದು ಒಳಿತು.

ಇನ್ನೊಂದು ಮುಖ್ಯ ಬದಲಾವಣೆ 2021ರ ಮೇ 1ರಂದು ಜಾರಿಗೆ ಬಂದಿತು. ಅದಕ್ಕೆ ಮುನ್ನ ಡಿಪೆಂಡೆಂಟ್ಸ್ ಪಾಸ್ ಹೊಂದಿದ ಪತ್ನಿ ಅಥವಾ ಪತಿ ಸರಳ ಅನುಮತಿ ಪತ್ರದೊಡನೆ ಕೆಲಸಕ್ಕೆ ಸೇರಬಹುದಿತ್ತು. ಈಗ ಅವರು ತಮ್ಮದೇ ಅರ್ಹತೆಯ ಮೇಲೆ ಪ್ರತ್ಯೇಕ ಉದ್ಯೋಗ ಪಾಸ್ ಪಡೆಯಬೇಕು. ಆದ್ದರಿಂದ ಬೆಂಗಳೂರಿನಲ್ಲಿ ಇಬ್ಬರೂ ದುಡಿಯುತ್ತಿದ್ದ ದಂಪತಿ ಸಿಂಗಪುರದಲ್ಲಿ ಒಂದೇ ಸಂಬಳದ ಮೇಲೆ ಸಂಸಾರ ತೂಗಿಸಬೇಕಾದೀತು.

ಬಾಡಿಗೆಯೇ ದೊಡ್ಡ ಬಾಬತ್ತು

ಸಿಂಗಪುರದ ಕಾಯಂ ಜನತೆಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ವಾಸಿಸುವುದು 1960ರಲ್ಲಿ ಸ್ಥಾಪನೆಯಾದ ವಸತಿ ಮತ್ತು ಅಭಿವೃದ್ಧಿ ಮಂಡಳಿ, ಅಂದರೆ ಎಚ್‌ಡಿಬಿ ಕಟ್ಟಿದ ಬಹುಮಹಡಿ ಮನೆಗಳಲ್ಲಿ. ಉದ್ಯೋಗ ಪಾಸ್ ಹೊಂದಿದವರು ಇವನ್ನು ಕೊಳ್ಳುವಂತಿಲ್ಲ, ಮಾಲೀಕರಿಂದ ಬಾಡಿಗೆಗೆ ಪಡೆಯಬಹುದು. ಎಚ್‌ಡಿಬಿ ಲೆಕ್ಕದಲ್ಲಿ ನಡುಮನೆಯೂ ಒಂದು ಕೋಣೆಯೇ ಎಂಬುದನ್ನು ಗಮನಿಸಬೇಕು. ‘ನಾಲ್ಕು ಕೋಣೆ’ ಎಂದರೆ ಮಲಗುವ ಕೋಣೆಗಳು ಮೂರು.

ಇಂತಹ ನಾಲ್ಕು ಕೋಣೆಯ ಮನೆಗೆ ಬಡಾವಣೆಯನ್ನು ಅನುಸರಿಸಿ ತಿಂಗಳಿಗೆ ಸುಮಾರು 3,000ದಿಂದ 3,600 ಡಾಲರು ಬಾಡಿಗೆ ಇದೆ. ಈಜುಕೊಳ, ವ್ಯಾಯಾಮಶಾಲೆ ಇರುವ ಖಾಸಗಿ ಕಾಂಡೊಮಿನಿಯಂಗಳಲ್ಲಿ ಎರಡು ಮಲಗುವ ಕೋಣೆಯ ಮನೆಗೇ ಇದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ. ಒಂಟಿಯಾಗಿರುವವರು ಮನೆಯೊಂದರ ಒಂದು ಕೋಣೆಯನ್ನಷ್ಟೇ ಹಿಡಿದರೆ 900ರಿಂದ 1,300 ಡಾಲರಿನಲ್ಲಿ ಮುಗಿಯುತ್ತದೆ. ಆದರೆ ಇಂತಹ ಕಡೆ ಅಡುಗೆಗೆ ಅವಕಾಶವಿದೆಯೇ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ‘ಲಘು ಅಡುಗೆ ಮಾತ್ರ’ ಎಂಬ ಷರತ್ತಿನಲ್ಲಿ ಒಗ್ಗರಣೆ ಹಾಕುವುದು ಸೇರದೇ ಇರಬಹುದು. ಭಾರತೀಯರಿಗೆ ಮನೆ ಕೊಡಲೊಲ್ಲದ ಮಾಲೀಕರ ಬಗ್ಗೆ ಅಂತರರಾಷ್ಟ್ರೀಯ ಮಾಧ್ಯಮಗಳಲ್ಲಿ 2014ರಲ್ಲೇ ವರದಿಯಾಗಿತ್ತು.

ಎಚ್‌ಡಿಬಿ ಮನೆಯ ಬಾಡಿಗೆ ಕರಾರು ಕನಿಷ್ಠ ಆರು ತಿಂಗಳದ್ದು, ಖಾಸಗಿ ಮನೆಯದು ಕನಿಷ್ಠ ಮೂರು ತಿಂಗಳದ್ದು. ಒಂದು ವರ್ಷದ ಕರಾರಿಗೆ ಒಂದು ತಿಂಗಳ, ಎರಡು ವರ್ಷದ್ದಕ್ಕೆ ಎರಡು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಡುವುದು ರೂಢಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್‌ಗೆ ಹೋಲಿಸಿದರೆ ಇದು ಹಗುರ. ಕರಾರಿನ ಮೇಲಿನ ಮುದ್ರಾಂಕ ಶುಲ್ಕವನ್ನು ಬಾಡಿಗೆದಾರರೇ ಕಟ್ಟಬೇಕು. ಎಚ್‌ಡಿಬಿ ಮನೆಯಾದರೆ ಬಾಡಿಗೆಗೆ ಕೊಡಲು ಮಾಲೀಕರು ಮಂಡಳಿಯ ಅನುಮತಿ ಪಡೆದಿದ್ದಾರೆಯೇ ಎಂಬುದನ್ನು ಹಣ ಕೊಡುವ ಮೊದಲು ಪರಿಶೀಲಿಸತಕ್ಕದ್ದು.

ಊಟ, ದಿನಸಿ, ಸಂಚಾರ

ಸಿಂಗಪುರ ತನ್ನ ಆಹಾರದ ಶೇ 90ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುತ್ತದೆ. ತರಕಾರಿ, ಹಾಲು, ಅಕ್ಕಿ, ಬೇಳೆ ಎಲ್ಲವೂ ಇಲ್ಲಿಗಿಂತ ದುಬಾರಿ. ಸರಕು ಮತ್ತು ಸೇವಾ ತೆರಿಗೆ 2023ರಲ್ಲಿ ಶೇ 8ಕ್ಕೆ, 2024ರ ಜನವರಿಯಿಂದ ಶೇ 9ಕ್ಕೆ ಏರಿದೆ. ದಿನಸಿಗೂ ಇದು ಅನ್ವಯ.

ಹೊರಗೆ ಉಣ್ಣುವುದು ಮಾತ್ರ ಅಷ್ಟು ಹೊರೆಯಲ್ಲ. ‘ಹಾಕರ್ ಸೆಂಟರ್’ ಎಂಬ ಸಾರ್ವಜನಿಕ ಊಟದ ಅಂಗಳಗಳಲ್ಲಿ ನಾಲ್ಕರಿಂದ ಏಳು ಡಾಲರಿಗೆ ಹೊಟ್ಟೆ ತುಂಬುತ್ತದೆ. 2020ರಲ್ಲಿ ಈ ಹಾಕರ್ ಸಂಸ್ಕೃತಿಗೆ ಯುನೆಸ್ಕೊ ಮಾನ್ಯತೆ ದೊರೆಯಿತು. ಸಸ್ಯಾಹಾರಿಗಳು ಕೇಳಿ ತಿಳಿದು ತಿನ್ನಬೇಕಾಗುತ್ತದೆ. ಸೆರಂಗೂನ್ ರಸ್ತೆಯ ಸುತ್ತಲಿನ ಲಿಟ್ಲ್ ಇಂಡಿಯಾದಲ್ಲಿ ದೋಸೆ, ಇಡ್ಲಿ, ಕರಿಬೇವು, ಬಾಳೆಎಲೆ, ಹೂವಿನವರೆಗೆ ಎಲ್ಲವೂ ಲಭ್ಯ.

ಸಂಚಾರ ಸಿಂಗಪುರದ ಹೆಗ್ಗಳಿಕೆ. 1987ರಲ್ಲಿ ಆರಂಭವಾದ ಎಂಆರ್‌ಟಿ ರೈಲು ಹಾಗೂ ಬಸ್ಸುಗಳಲ್ಲಿ ದೂರಕ್ಕೆ ತಕ್ಕಂತೆ ಸುಮಾರು ಒಂದೂಕಾಲರಿಂದ ಎರಡೂವರೆ ಡಾಲರು ದರವಿದೆ. ಕಾರಿನ ಆಸೆಯನ್ನು ಮಾತ್ರ ಬಹುತೇಕರು ಕೈಬಿಡುವುದು ಲೇಸು. 1990ರಿಂದ ವಾಹನಗಳ ಸಂಖ್ಯೆಗೆ ಮಿತಿಯಿದೆ. ಕಾರು ಕೊಳ್ಳುವವರು ಮೊದಲು ಹತ್ತು ವರ್ಷದ ಹಕ್ಕುಪತ್ರವನ್ನು ಹರಾಜಿನಲ್ಲಿ ಪಡೆಯಬೇಕು. 2023ರಲ್ಲಿ ಸಣ್ಣ ಕಾರುಗಳ ವರ್ಗದಲ್ಲೇ ಈ ಹಕ್ಕುಪತ್ರದ ದರ ಒಂದು ಲಕ್ಷ ಡಾಲರನ್ನು ಮೀರಿತು. ಕಾರಿನ ಬೆಲೆ ಅದಕ್ಕೆ ಪ್ರತ್ಯೇಕ.

ಶಾಲೆ ಮತ್ತು ಭಾಷೆ

ಸರ್ಕಾರಿ ಶಾಲೆಗಳಲ್ಲಿ ಮೊದಲ ಆದ್ಯತೆ ಪೌರರ ಮಕ್ಕಳಿಗೆ. ವಿದೇಶಿ ಮಕ್ಕಳಿಗೆ ಸ್ಥಳ ಖಾಲಿಯಿದ್ದರೆ ಮಾತ್ರ ಪ್ರವೇಶ, ಅದೂ ಹೆಚ್ಚಿನ ಶುಲ್ಕದೊಂದಿಗೆ. ನಡುವಿನ ತರಗತಿಗಳಿಗೆ ಸೇರಲು ಪ್ರವೇಶ ಪರೀಕ್ಷೆಯೂ ಇದೆ. ಹೀಗಾಗಿ ಅನೇಕ ಭಾರತೀಯ ಕುಟುಂಬಗಳು ಸಿಬಿಎಸ್‌ಇ ಪಠ್ಯಕ್ರಮದ ಖಾಸಗಿ ಅಂತರರಾಷ್ಟ್ರೀಯ ಶಾಲೆಗಳನ್ನು ಆಶ್ರಯಿಸುತ್ತವೆ. ಇವುಗಳ ವೆಚ್ಚವನ್ನು ತಿಂಗಳ ಲೆಕ್ಕಕ್ಕಿಳಿಸಿದರೆ ಮಗುವೊಂದಕ್ಕೆ ಸುಮಾರು 1,200ರಿಂದ 2,000 ಡಾಲರು ತಗಲುತ್ತದೆ.

ಇಂಗ್ಲಿಷ್, ಮಲಯ್, ಮ್ಯಾಂಡರಿನ್ ಮತ್ತು ತಮಿಳು ಅಲ್ಲಿನ ಅಧಿಕೃತ ಭಾಷೆಗಳು. ಸರ್ಕಾರಿ ಶಾಲೆಗಳಲ್ಲಿ ತಮಿಳಿನ ಹೊರತಾಗಿ ಮಾತೃಭಾಷಾ ವಿಷಯವಾಗಿ ಕಲಿಯಬಹುದಾದ ಭಾರತೀಯ ಭಾಷೆಗಳು ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ ಹಾಗೂ ಉರ್ದು ಮಾತ್ರ. ಕನ್ನಡ ಈ ಪಟ್ಟಿಯಲ್ಲಿಲ್ಲ. ಕನ್ನಡ ಸಂಘ (ಸಿಂಗಪುರ) ಹಬ್ಬ, ರಾಜ್ಯೋತ್ಸವದಂತಹ ಸಂದರ್ಭಗಳಲ್ಲಿ ಕನ್ನಡಿಗರನ್ನು ಒಂದೆಡೆ ಸೇರಿಸುತ್ತದೆ. ಆದರೆ ಮಕ್ಕಳು ಕನ್ನಡ ಓದಿ ಬರೆಯುವಂತಾಗುವುದು ಬಹುಮಟ್ಟಿಗೆ ಮನೆಯವರ ಶ್ರಮವನ್ನೇ ಅವಲಂಬಿಸಿದೆ.

ವೈದ್ಯರು, ತೆರಿಗೆ, ಭವಿಷ್ಯನಿಧಿ

ಸರ್ಕಾರಿ ಆಸ್ಪತ್ರೆಗಳ ರಿಯಾಯಿತಿ ಮತ್ತು ‘ಮೆಡಿಶೀಲ್ಡ್ ಲೈಫ್’ ವಿಮೆ ಪೌರರಿಗೆ ಹಾಗೂ ಕಾಯಂ ನಿವಾಸಿಗಳಿಗೆ ಮೀಸಲು. ಕೆಳಹಂತದ ಪಾಸ್‌ಗಳ ನೌಕರರಿಗೆ ಸಂಸ್ಥೆಯೇ ವೈದ್ಯಕೀಯ ವಿಮೆ ಮಾಡಿಸುವುದು ಕಾನೂನಿನಂತೆ ಕಡ್ಡಾಯ. ಎಂಪ್ಲಾಯ್‌ಮೆಂಟ್ ಪಾಸ್‌ನವರಿಗೆ ಈ ಕಡ್ಡಾಯವಿಲ್ಲ. ಆದ್ದರಿಂದ ವಿಮೆ ಇದೆಯೇ, ಅದರಲ್ಲಿ ಕುಟುಂಬ ಸೇರಿದೆಯೇ, ಹೆರಿಗೆ ವೆಚ್ಚ ದೊರೆಯುವುದೇ ಎಂಬ ಮೂರು ಪ್ರಶ್ನೆಗಳನ್ನು ನೇಮಕ ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು.

ಆದಾಯ ತೆರಿಗೆ ಹಗುರವಾಗಿದೆ. ವಾರ್ಷಿಕ 84,000 ಡಾಲರು ಗಳಿಸುವ, ಪತ್ನಿ ಮತ್ತು ಒಂದು ಮಗುವಿರುವ ನಿವಾಸಿ ಉದ್ಯೋಗಿಗೆ ವಿನಾಯಿತಿಗಳ ನಂತರ ಬರುವ ತೆರಿಗೆ ಮೂರು ಸಾವಿರ ಡಾಲರಿನ ಆಸುಪಾಸು. ಇದು ಪ್ರತಿ ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿಯಲ್ಲ. ಮುಂದಿನ ವರ್ಷ ಒಟ್ಟಿಗೆ ಅಥವಾ ಕಂತುಗಳಲ್ಲಿ ಕಟ್ಟಬೇಕು. ಕೈಗೆ ಬಂದದ್ದೆಲ್ಲ ತಮ್ಮದೆಂದು ಖರ್ಚು ಮಾಡಿದವರಿಗೆ ಎರಡನೆಯ ವರ್ಷ ಬಿಗಿಯಾಗುತ್ತದೆ.

ಭವಿಷ್ಯನಿಧಿಯ ವಿಷಯ ಇನ್ನೂ ಮುಖ್ಯ. ಸಿಪಿಎಫ್ ಎಂಬ ಕಡ್ಡಾಯ ಉಳಿತಾಯ ನಿಧಿಗೆ 55 ವರ್ಷದೊಳಗಿನ ಪೌರ ನೌಕರರ ಸಂಬಳದಿಂದ ಶೇ 20 ಜಮೆಯಾದರೆ, ಮಾಲೀಕರು ತಮ್ಮ ಕೈಯಿಂದ ಶೇ 17 ಸೇರಿಸುತ್ತಾರೆ. ಅಂದರೆ 7,000 ಡಾಲರು ಸಂಬಳದ ಪೌರರಿಗೆ ತಿಂಗಳಿಗೆ 1,190 ಡಾಲರು ಹೆಚ್ಚುವರಿಯಾಗಿ ಸಲ್ಲುತ್ತದೆ. ಪಾಸ್ ಮೇಲೆ ದುಡಿಯುವ ವಿದೇಶೀಯರಿಗೆ ಈ ಸೌಲಭ್ಯವಿಲ್ಲ. ಭಾರತದಲ್ಲಿ ಕಟ್ಟುತ್ತಿದ್ದ ಪಿಎಫ್ ಕೂಡ ನಿಂತಿದ್ದರೆ ವೃದ್ಧಾಪ್ಯದ ಉಳಿತಾಯ ಪೂರ್ತಿಯಾಗಿ ಅವರದೇ ಹೊಣೆ.

ಒಂದೇ ಸಂಬಳ, ಎರಡು ಲೆಕ್ಕ

ತಿಂಗಳಿಗೆ 7,000 ಡಾಲರು ಸಂಬಳದ ಇಬ್ಬರ ಖರ್ಚನ್ನು ಅಂದಾಜಿನಲ್ಲಿ ಹೀಗೆ ಹೋಲಿಸಬಹುದು.

ಒಂಟಿಯಾಗಿರುವವರು: ಕೋಣೆ ಬಾಡಿಗೆ 1,100, ಊಟ 700, ಸಂಚಾರ 150, ದೂರವಾಣಿ ಮತ್ತಿತರ 100, ತೆರಿಗೆಯ ಬಾಬ್ತು 310, ಇತರೆ 400. ಒಟ್ಟು 2,760 ಡಾಲರು. ಉಳಿತಾಯ 4,240 ಡಾಲರು.

ಪತ್ನಿ ಮತ್ತು ಶಾಲೆಗೆ ಹೋಗುವ ಒಂದು ಮಗುವಿರುವವರು: ಮನೆ ಬಾಡಿಗೆ 3,200, ವಿದ್ಯುತ್, ನೀರು, ದೂರವಾಣಿ, ಇಂಟರ್‌ನೆಟ್ 280, ಊಟ, ದಿನಸಿ 900, ಸಂಚಾರ 250, ಶಾಲೆ 1,500, ತೆರಿಗೆಯ ಬಾಬ್ತು 260, ವೈದ್ಯರು ಮತ್ತು ಇತರೆ 300. ಒಟ್ಟು 6,690 ಡಾಲರು. ಉಳಿತಾಯ 310 ಡಾಲರು. ಊರಿಗೆ ಹೋಗಿಬರುವ ಮೂವರ ವಿಮಾನ ಟಿಕೆಟ್ ಇದರಲ್ಲಿ ಸೇರಿಲ್ಲ.

ಸಂಬಳದ ಅಂಕಿ ಬದಲಾಗಿಲ್ಲ, ಸಂಸಾರದ ಅಳತೆ ಬದಲಾಗಿದೆ. ಸಹೋದ್ಯೋಗಿಯೊಬ್ಬರು ಅಲ್ಲಿ ನಾಲ್ಕು ವರ್ಷ ದುಡಿದು ಮನೆ ಕಟ್ಟಿದರೆಂಬ ಮಾತು ನಿಜವೇ ಇರಬಹುದು. ಅವರು ಒಂಟಿಯಾಗಿದ್ದರೋ, ಇಬ್ಬರೂ ದುಡಿಯುತ್ತಿದ್ದರೋ, ಶಾಲೆಯ ಶುಲ್ಕವನ್ನು ಸಂಸ್ಥೆ ಭರಿಸುತ್ತಿತ್ತೋ ಎಂಬುದನ್ನು ಕೇಳದೆ ಹೋಲಿಸಿಕೊಳ್ಳುವುದು ಸರಿಯಲ್ಲ.

ಕೆಲಸ ಹೋದರೆ

ಪಾಸ್ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಉದ್ಯೋಗ ಕೊನೆಗೊಂಡರೆ ಸಂಸ್ಥೆ ಪಾಸನ್ನು ರದ್ದುಪಡಿಸಬೇಕು, ಅದರೊಡನೆ ಕುಟುಂಬದವರ ಪಾಸ್‌ಗಳೂ ರದ್ದಾಗುತ್ತವೆ. ಆನಂತರ ಸಾಮಾನ್ಯವಾಗಿ ದೊರೆಯುವುದು 30 ದಿನಗಳ ತಾತ್ಕಾಲಿಕ ವಾಸ. ಅಷ್ಟರೊಳಗೆ ಹೊಸ ಕೆಲಸ, ಹೊಸ ಪಾಸ್ ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ದೇಶ ಬಿಡುವ ವಿದೇಶಿ ನೌಕರರ ತೆರಿಗೆ ಇತ್ಯರ್ಥವಾಗುವವರೆಗೆ ಅವರಿಗೆ ಸಲ್ಲಬೇಕಾದ ಹಣವನ್ನು ಸಂಸ್ಥೆ ತಡೆಹಿಡಿಯಬೇಕೆಂಬ ನಿಯಮವೂ ಇದೆ. ಅಂದರೆ ಕೊನೆಯ ಸಂಬಳ ಅತ್ಯಗತ್ಯವಾದ ಹೊತ್ತಿನಲ್ಲಿಯೇ ಕೈಗೆ ಸಿಗದಿರಬಹುದು.

ಮನೆಯ ಕರಾರಿನಲ್ಲಿ ‘ಡಿಪ್ಲೊಮ್ಯಾಟಿಕ್ ಕ್ಲಾಸ್’ ಎಂಬ ಷರತ್ತು ಇದೆಯೇ ಎಂದು ನೋಡಬೇಕಾದುದು ಇದೇ ಕಾರಣಕ್ಕೆ. ಉದ್ಯೋಗ ಹೋಗಿ ದೇಶ ಬಿಡಬೇಕಾದರೆ ಕರಾರನ್ನು ನಡುವೆಯೇ ಮುಗಿಸಲು ಅವಕಾಶ ಕೊಡುವ ಷರತ್ತು ಇದು. ಎರಡು ವರ್ಷದ ಕರಾರಿನಲ್ಲಿ ಸಾಮಾನ್ಯವಾಗಿ ಮೊದಲ ಹನ್ನೆರಡು ತಿಂಗಳ ನಂತರ, ಎರಡು ತಿಂಗಳ ಮುನ್ಸೂಚನೆಯೊಡನೆ ಇದು ಅನ್ವಯಿಸುತ್ತದೆ. ಷರತ್ತು ಇಲ್ಲದಿದ್ದರೆ ಉಳಿದ ಅವಧಿಯ ಬಾಡಿಗೆಯೂ ಹೆಗಲೇರುತ್ತದೆ. ಶಾಲೆ ಬಿಡಿಸಲು ಎಷ್ಟು ಮೊದಲೇ ನೋಟಿಸ್ ನೀಡಬೇಕೆಂಬುದನ್ನೂ ತಿಳಿದಿರಬೇಕು.

ಕಾಯಂ ನಿವಾಸದ ಹಕ್ಕು ಪಡೆದರೆ ಈ ಅನಿಶ್ಚಿತತೆ ಬಹುಮಟ್ಟಿಗೆ ತೊಲಗುತ್ತದೆ, ಸಿಪಿಎಫ್ ಕೂಡ ದೊರೆಯುತ್ತದೆ. ಆದರೆ ತಂದೆತಾಯಿಯ ಮೂಲಕ ಈ ಹಕ್ಕು ಪಡೆದ ಗಂಡುಮಕ್ಕಳು ಪ್ರಾಯಕ್ಕೆ ಬಂದಾಗ ಎರಡು ವರ್ಷ ಕಡ್ಡಾಯ ರಾಷ್ಟ್ರೀಯ ಸೇವೆ ಸಲ್ಲಿಸಬೇಕು. ಅರ್ಜಿ ಹಾಕುವ ಮೊದಲೇ ನಿರ್ಧರಿಸಬೇಕಾದ ವಿಷಯವಿದು.

ಹವೆ ಮತ್ತು ಕಟ್ಟುಪಾಡು

ವರ್ಷವಿಡೀ ಸೆಖೆ, ಆಗಾಗ ಬಿರುಮಳೆ. ಕರಾವಳಿಯವರಿಗೆ ಇದು ಹೊಸತಲ್ಲ, ಮಲೆನಾಡು ಹಾಗೂ ಬೆಂಗಳೂರಿನವರಿಗೆ ಒಗ್ಗಲು ಸಮಯ ಬೇಕು. ಹವಾನಿಯಂತ್ರಣ ಯಂತ್ರ ಓಡಿಸಿದಷ್ಟೂ ವಿದ್ಯುತ್ ಬಿಲ್ ಏರುತ್ತದೆ. ಇಂಡೊನೇಷ್ಯದ ಕಾಡ್ಗಿಚ್ಚಿನ ಹೊಗೆ ಕೆಲವು ವರ್ಷಗಳಲ್ಲಿ ದ್ವೀಪವನ್ನು ಮುಸುಕುತ್ತದೆ. 2015ರ ಸೆಪ್ಟೆಂಬರ್‌ನಲ್ಲಿ ಇದರಿಂದಾಗಿ ಶಾಲೆಗಳಿಗೆ ಒಂದು ದಿನ ರಜೆ ನೀಡಲಾಗಿತ್ತು. ಡೆಂಗಿಯೂ ಅಲ್ಲಿನ ಪಿಡುಗು. ಹೂಕುಂಡದ ತಟ್ಟೆಯಲ್ಲಿ ಸೊಳ್ಳೆ ಮರಿ ಕಂಡುಬಂದರೂ ದಂಡ ಬೀಳುತ್ತದೆ.

ಕಾನೂನು ಕಠಿಣ. ಚ್ಯೂಯಿಂಗ್ ಗಮ್, ಗುಟ್ಕಾ, ಇ-ಸಿಗರೇಟು ಒಯ್ಯುವಂತಿಲ್ಲ. ನಮ್ಮ ಮನೆಗಳಲ್ಲಿ ಪಾಯಸಕ್ಕೆ ಬಳಸುವ ಗಸಗಸೆಯೂ ಮಾದಕವಸ್ತು ನಿಯಂತ್ರಣದ ಕಾರಣಕ್ಕೆ ಅಲ್ಲಿ ನಿಷಿದ್ಧ. ಅಮ್ಮ ಕಟ್ಟಿಕೊಟ್ಟ ಮಸಾಲೆ ಪೊಟ್ಟಣಗಳನ್ನು ಒಮ್ಮೆ ಬಿಚ್ಚಿ ನೋಡಿ ಪೆಟ್ಟಿಗೆಗೆ ಹಾಕುವುದು ಕ್ಷೇಮ. ನಿದ್ರೆ ಮಾತ್ರೆ, ಕೊಡೀನ್ ಇರುವ ಔಷಧಗಳಿಗೆ ಮುಂಗಡ ಅನುಮತಿ ಬೇಕಾಗುತ್ತದೆ.

ಹೊರಡುವ ಮುನ್ನ

ನೇಮಕ ಪತ್ರದಲ್ಲಿ ಮೂಲ ಸಂಬಳದ ಜೊತೆಗೆ ವಿಮೆ, ಶಾಲಾ ಶುಲ್ಕ, ಮೊದಲ ತಿಂಗಳ ವಸತಿ, ವರ್ಷಕ್ಕೊಮ್ಮೆ ಊರಿನ ಪ್ರಯಾಣ ಇವು ಸೇರಿವೆಯೇ ಎಂಬುದನ್ನು ನೋಡಿಕೊಳ್ಳಬೇಕು. ಸಾಧ್ಯವಾದರೆ ಉದ್ಯೋಗಿ ಮೊದಲು ಒಬ್ಬರೇ ತೆರಳಿ, ಕೆಲಸ ಕುದುರಿದ ಮೇಲೆ ಶಾಲಾವರ್ಷದ ಆರಂಭಕ್ಕೆ ಕುಟುಂಬವನ್ನು ಕರೆಸಿಕೊಳ್ಳುವುದು ಉತ್ತಮ. ಕನಿಷ್ಠ ಮೂರು ತಿಂಗಳ ಖರ್ಚಿನ ಹಣವನ್ನು ಸದಾ ಪ್ರತ್ಯೇಕವಾಗಿ ಇರಿಸಿರಬೇಕು. ಪಾಸ್‌ನ ಸಂಬಳ ಮಿತಿಗಳು ಆಗಾಗ ಪರಿಷ್ಕೃತವಾಗುವುದರಿಂದ ಮಾನವಶಕ್ತಿ ಸಚಿವಾಲಯದ ಪ್ರಕಟಣೆಯನ್ನು ಪರಿಶೀಲಿಸಿಯೇ ಮುಂದುವರಿಯತಕ್ಕದ್ದು. ಸಂಬಳದ ಮಾತುಕತೆಗೆ ಕೂರುವಾಗ ರೂಪಾಯಿಯ ಗುಣಾಕಾರವನ್ನು ಬದಿಗಿಟ್ಟು, ಬಾಡಿಗೆ ಮತ್ತು ಶಾಲೆ ಕಳೆದು ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಮುಂದಿಟ್ಟುಕೊಳ್ಳುವುದು ವಿವೇಕ.