ಗಳಿಗೆ ಬಟ್ಟಲು, ಗೋಪುರ, ಕೈಗಡಿಯಾರ: ಕಾಲಮಾಪನ ಸಾಧನಗಳೊಡನೆ ನಮ್ಮ ಸಂಬಂಧ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಅವುಗಳನ್ನು ಕಂಡುಹಿಡಿದವರನ್ನು ಕುರಿತು ಹೆಚ್ಚಾಗಿ ಹೇಳುತ್ತಾರೆ. ಅವುಗಳೊಡನೆ ದಿನವೂ ಬಾಳಿದವರನ್ನು ಕುರಿತು ಹೇಳುವುದು ಕಡಮೆ. ಈ ಕಿರುಲೇಖನದಲ್ಲಿ ನಾವು ಕಾಲಮಾಪನ ಸಾಧನವೊಂದನ್ನೇ ಆರಿಸಿಕೊಂಡು, ವಿಶೇಷವಾಗಿ ಮೈಸೂರು ಸೀಮೆಯನ್ನು ಗಮನದಲ್ಲಿಟ್ಟು, ಹೊತ್ತನ್ನು ಕಾಯುವ ಹೊಣೆ ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದನ್ನು ಪರಿಶೀಲಿಸುತ್ತೇವೆ.

ಹಗಲಿರುಳುಗಳನ್ನು 60 ಗಳಿಗೆಗಳಾಗಿ ವಿಭಾಗಿಸುವ ಪದ್ಧತಿ ನಮ್ಮಲ್ಲಿ ಬಹು ಪ್ರಾಚೀನವಾದುದು. ಒಂದು ಗಳಿಗೆ ಎಂದರೆ 24 ನಿಮಿಷ. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ಮೆಲ್ಲನೆ ತುಂಬಿ ಒಂದು ಗಳಿಗೆಗೆ ಮುಳುಗುತ್ತಿತ್ತು. ಆದರೆ ಬಟ್ಟಲು ತಾನಾಗಿ ಎಣಿಸಲಾರದು. ಮುಳುಗಿದುದನ್ನು ಕಂಡು, ಎತ್ತಿ, ಬರಿದುಮಾಡಿ, ಮತ್ತೆ ತೇಲಿಬಿಟ್ಟು ಲೆಕ್ಕವಿಡುವವನೊಬ್ಬನು ಸದಾ ಇರಬೇಕಾಗಿತ್ತು. ಭಾಸ್ಕರಾಚಾರ್ಯನ ಮಗಳು ಲೀಲಾವತಿಯು ಬಟ್ಟಲನ್ನು ಬಗ್ಗಿ ನೋಡಿದಾಗ ಮುತ್ತೊಂದು ಜಾರಿ ರಂಧ್ರವನ್ನು ಮುಚ್ಚಿತೆಂದೂ, ಅದರಿಂದ ಲಗ್ನದ ಮುಹೂರ್ತವೇ ತಪ್ಪಿತೆಂದೂ ಒಂದು ಐತಿಹ್ಯವಿದೆ. 1587ರಲ್ಲಿ ಫೈಜಿಯು ರಚಿಸಿದ ‘ಲೀಲಾವತಿ’ಯ ಪಾರಸಿ ಭಾಷಾಂತರದಲ್ಲಿ ಇದು ಕಾಣಬರುತ್ತದೆ. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ಒಂದು ಸಂಗತಿ ಅದರಿಂದ ವ್ಯಕ್ತವಾಗುತ್ತದೆ: ಮನೆಮಂದಿಯೆಲ್ಲರ ಹೊತ್ತು ಒಂದೇ ಬಟ್ಟಲಿನಲ್ಲಿತ್ತು, ಅದು ತಪ್ಪಿದರೆ ಎಲ್ಲರಿಗೂ ತಪ್ಪುತ್ತಿತ್ತು.

1864ರಲ್ಲಿ ಬೆಂಗಳೂರಿಗೆ ಜೋಲಾರಪೇಟೆಯ ಮಾರ್ಗವಾಗಿ ರೈಲು ಬಂದ ಮೇಲೆ ಬೇರೊಂದು ಬಗೆಯ ಹೊತ್ತು ಅವಶ್ಯಕವಾಯಿತು. ರೇಖಾಂಶ ಒಂದು ಡಿಗ್ರಿ ಬದಲಾದರೆ ಸೂರ್ಯನ ಹೊತ್ತು 4 ನಿಮಿಷ ವ್ಯತ್ಯಾಸವಾಗುವುದರಿಂದ, ಊರೂರಿಗೊಂದು ಮಧ್ಯಾಹ್ನವನ್ನಿಟ್ಟುಕೊಂಡು ರೈಲನ್ನು ನಡೆಸುವುದು ಸಾಧ್ಯವಿರಲಿಲ್ಲ. 1906ರ ಜನವರಿ 1ರಿಂದ, ಪೂರ್ವರೇಖಾಂಶ 82.5 ಡಿಗ್ರಿಯನ್ನು ಆಧಾರವಾಗಿಟ್ಟುಕೊಂಡ ಭಾರತೀಯ ಪ್ರಮಾಣಕಾಲವು ಜಾರಿಗೆ ಬಂದಿತು. ಇದರಂತೆ ಬೆಂಗಳೂರಿನಲ್ಲಿ ಗಡಿಯಾರವು 12 ಹೊಡೆದ ಬಳಿಕ ಸರಾಸರಿ 20 ನಿಮಿಷ ಕಳೆದು ಸೂರ್ಯನು ನೆತ್ತಿಗೆ ಬರುತ್ತಾನೆ. ಅಂಗಳದ ನೆರಳಿಗೂ ಗಡಿಯಾರಕ್ಕೂ ಹೀಗೆ ಭೇದ ಬಂದಾಗ ನೆರಳೇ ತಪ್ಪೆಂದು ಒಪ್ಪುವುದನ್ನು ಜನರು ಕಲಿತರು. ಇದು ಸಾಮಾನ್ಯ ಪರಿವರ್ತನೆಯಲ್ಲ.

ಮೈಸೂರಿನಲ್ಲಿ ಲಾರ್ಡ್ ಡಫರಿನ್ನರ ಭೇಟಿಯ ನೆನಪಿಗೆ ನಿಂತ ಚಿಕ್ಕ ಗಡಿಯಾರ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವಕ್ಕಾಗಿ 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರ, ಇವು ಹೊತ್ತನ್ನು ಪೇಟೆಯ ನಡುವೆ ಎತ್ತಿ ಹಿಡಿದವು. ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡ ಅಂಕೆಗಳಿರುವುದು ಗಮನಾರ್ಹ. ಸ್ವಂತ ಗಡಿಯಾರವಿಲ್ಲದವನಿಗೂ ಹೊತ್ತು ದೊರೆಯಿತು. ಆದರೆ ಅದನ್ನು ಸರಿಪಡಿಸುವ ಅಧಿಕಾರ ಅವನಿಗಿರಲಿಲ್ಲ.

ಆ ಅಧಿಕಾರವು ಕೈಗಡಿಯಾರದೊಡನೆ ಬಂದಿತು. 1953ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮಷೀನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾದಾಗ, ಮದುವೆಯಲ್ಲಿ, ನೌಕರಿ ದೊರೆತಾಗ ಬಂದ ಎಚ್.ಎಂ.ಟಿ. ಗಡಿಯಾರಕ್ಕೆ ಒಡೆಯನು ದಿನವೂ ಕೀಲಿ ಕೊಡಬೇಕು. ನೀರು ತಗುಲದಂತೆ ಸ್ನಾನಕ್ಕೆ ಮೊದಲು ಬಿಚ್ಚಿಡಬೇಕು. ಕಿವಿಗೊತ್ತಿ ಟಿಕ್ ಟಿಕ್ ಆಲಿಸಬೇಕು. ಆಕಾಶವಾಣಿಯ ಹೊತ್ತಿನೊಡನೆ ತಾಳೆನೋಡಿ ಮುಳ್ಳನ್ನು ತಿದ್ದಬೇಕು. ಗಳಿಗೆ ಬಟ್ಟಲನ್ನು ಕಾಯುವವನ ಹೊಣೆಯು ಹೀಗೆ ಪ್ರತಿಯೊಬ್ಬನ ಮಣಿಕಟ್ಟಿಗೆ ಬಂದಿತೆನ್ನಬಹುದು. ಇದು ಬರಿಯ ಅಲಂಕಾರವಾಗಿರಲಿಲ್ಲ. ಹಾಜರಿ ಪುಸ್ತಕದೆದುರು ನಿಂತ ಕೆಲಸಗಾರನಿಗೆ ಕಾರ್ಖಾನೆಯ ಗಡಿಯಾರವನ್ನು ಪರೀಕ್ಷಿಸಲು ತನ್ನದೇ ಆದ ಪ್ರಮಾಣವೊಂದು ದೊರೆತಂತಾಯಿತು.

1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೊ ಸಂಸ್ಥೆಯು ಮೊದಲ ಸ್ಫಟಿಕ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಮುಂದೆ ಈ ಬಗೆಯ ಗಡಿಯಾರಗಳಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳು ರೂಢಿಗೆ ಬಂದಿತು. ಕೀಲಿ ಕೊಡುವ ಕೆಲಸ ತಪ್ಪಿತು. 1995ರಲ್ಲಿ ಭಾರತಕ್ಕೆ ಬಂದ ಮೊಬೈಲ್ ಫೋನು ಕಾಲಕ್ರಮದಲ್ಲಿ ತಿದ್ದುವ ಕೆಲಸವನ್ನೂ ತಪ್ಪಿಸಿತು. ಹೊತ್ತು ಈಗ ದೂರದಿಂದ ತಾನೇ ಬಂದು ಸರಿಹೊಂದುತ್ತದೆ. 2016ರ ಜನವರಿಯಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತಿತು.

ಇದನ್ನು ಕೇವಲ ಅವನತಿಯೆಂದು ಭಾವಿಸುವುದು ಸಲ್ಲದು. ಒಂದು ಕಾಲಕ್ಕೆ ವೇಧಶಾಲೆಗಳಿಗೂ ದುರ್ಲಭವಾಗಿದ್ದ ನಿಖರತೆ ಇಂದು ಕೂಲಿಕಾರನ ಜೇಬಿನಲ್ಲಿದೆ. ಆದರೆ ಸಾಧನವು ದೇಹಕ್ಕೆ ಸಮೀಪವಾದಂತೆಲ್ಲ ನಮ್ಮ ಹೊಣೆ ಹೆಚ್ಚುತ್ತ ಬಂದು, ಕೊನೆಗೆ ಒಮ್ಮೆಲೆ ಇಲ್ಲವಾಯಿತೆಂಬುದನ್ನೂ ಮರೆಯಲಾಗದು. ಹೊತ್ತನ್ನು ನಾವು ಈಗ ಪಡೆಯುತ್ತೇವೆ. ಕಾಯುವುದಿಲ್ಲ, ಪರೀಕ್ಷಿಸುವುದೂ ಇಲ್ಲ.

ಹಳೆಯ ಗಡಿಯಾರಗಳು ಪೆಟ್ಟಿಗೆಗಳಲ್ಲಿ ಉಳಿದಾವು. ಅವುಗಳನ್ನು ಜೋಡಿಸಿದ, ರಿಪೇರಿ ಮಾಡಿದ, ದಿನವೂ ಕೀಲಿ ಕೊಟ್ಟ ಕೈಗಳ ಅನುಭವ ಮಾತ್ರ ಆ ತಲೆಮಾರಿನೊಡನೆ ಕಣ್ಮರೆಯಾಗುವುದು. ಅವರು ನಮ್ಮ ನಡುವೆ ಇರುವಾಗಲೇ ಅವರ ಹೇಳಿಕೆಗಳನ್ನು ಸಂಗ್ರಹಿಸುವುದು ಇತಿಹಾಸಾಭ್ಯಾಸಿಗಳ ಆದ್ಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.